ಕತ್ತಿಯ ಬಾಲದ ಮೇಲೊಂದು ಸಹಿ

ವಾಕೋ: ಹೆಸರಿಲ್ಲದ ಚೀಟಿ

ಮೂರು ತಿಂಗಳಿಗೆಂದು ಜಪಾನಿಗೆ ಹೋದವಳು ಹನ್ನೊಂದು ತಿಂಗಳು ಇದ್ದು ಬಂದೆ. ಹೋದದ್ದು ೨೦೨೦ರ ಫೆಬ್ರವರಿಯಲ್ಲಿ ಎಂದರೆ ಉಳಿದದ್ದನ್ನು ವಿವರಿಸಬೇಕಿಲ್ಲ. ಮಗಳು ಸ್ಮಿತಾ ಟೋಕಿಯೋ ಪಕ್ಕದ ವಾಕೋ ಎಂಬ ಊರಿನಲ್ಲಿ ಸಂಶೋಧಕಿ. ವಿಮಾನಗಳು ನಿಂತ ಮೇಲೆ ಅವಳ ಪುಟ್ಟ ಮನೆಯಲ್ಲಿ ಅವಳು ಒಂದು ಕೋಣೆ ಹಿಡಿದು ಮೀಟಿಂಗ್ ಮಾಡುತ್ತಿದ್ದಳು, ನಾನು ಅಡುಗೆಮನೆ ಹಿಡಿದು ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿಯುವುದು ಮೀಟಿಂಗಿನಲ್ಲಿ ಕೇಳಿಸುತ್ತದೆಂದು ಅವಳು ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು.

ಒಗ್ಗರಣೆಯ ಸದ್ದಿಗಿಂತ ಅದರ ವಾಸನೆ ದೂರ ಹೋಗುತ್ತದೆಂದು ಗೊತ್ತಾದದ್ದು ಜೂನಿನಲ್ಲಿ. ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಚೀಟಿ ಅಂಟಿಸಿತ್ತು. ಸ್ಮಿತಾ ಓದಿ ಕೆಂಪಾದಳು. ನಿಮ್ಮ ಆರೋಗ್ಯದ ಕುರಿತು ನಮಗೆಲ್ಲ ಕಾಳಜಿಯಿದೆ, ಬೆಳಿಗ್ಗೆ ಏಳು ಗಂಟೆಗೆ ಏನೋ ಸುಡುತ್ತಿರುವಂತೆ ತೋರುತ್ತದೆ, ದಯವಿಟ್ಟು ಜೋಪಾನ ಎಂದು ಬರೆದಿತ್ತಂತೆ. ಇಂಗಿನ ಮೇಲೆ ಇಷ್ಟು ಮರ್ಯಾದೆಯ ದೂರನ್ನು ನಾನು ಕೇಳಿರಲಿಲ್ಲ. ಕೆಳಗೆ ಹೆಸರಿರಲಿಲ್ಲ.

ಹೆಸರಿಲ್ಲದ ಚೀಟಿ ಕಂಡರೆ ನನಗೆ ಕೈ ಕಡಿಯುತ್ತದೆ. ಮೂವತ್ತೊಂದು ವರ್ಷ ಬೆಂಗಳೂರಿನ ಸರ್ಕಾರಿ ಪ್ರಯೋಗಾಲಯದಲ್ಲಿ ಕೈಬರಹ ಪರೀಕ್ಷಕಿಯಾಗಿದ್ದೆ. ಸುಳ್ಳು ವಿಲ್ಲು, ತಿದ್ದಿದ ಕ್ರಯಪತ್ರ, ಬೆದರಿಕೆ ಕಾಗದಗಳನ್ನು ಭೂತಗನ್ನಡಿ ಹಿಡಿದು ನೋಡುವುದು, ಆಮೇಲೆ ಕೋರ್ಟಿನಲ್ಲಿ ನಿಂತು ಈ ಸಹಿ ಆತನದಲ್ಲ ಎಂದು ಹೇಳುವುದು ನನ್ನ ಕೆಲಸ. ಜಪಾನಿ ಒಂದಕ್ಷರ ಬಾರದಿದ್ದರೇನು, ಕೈಗೆ ಭಾಷೆಯಿಲ್ಲ. ಬರೆಯುವವನು ಎಲ್ಲಿ ಒತ್ತುತ್ತಾನೆ, ಎಲ್ಲಿ ತಡವರಿಸುತ್ತಾನೆ, ಗೆರೆಯನ್ನು ಹೇಗೆ ಮುಗಿಸುತ್ತಾನೆ ಎಂಬುದು ಎಲ್ಲ ಲಿಪಿಯಲ್ಲೂ ಒಂದೇ. ಕೆಳಗಿನ ನೋಟಿಸ್ ಬೋರ್ಡಿನಲ್ಲಿ ಕಸ ಹಾಕುವ ದಿನಗಳ ಪಟ್ಟಿಯಿತ್ತು. ಹತ್ತು ನಿಮಿಷ ಅದರ ಮುಂದೆ ನಿಂತೆ. ಪಟ್ಟಿ ಬರೆದ ಕೈಯೇ ಚೀಟಿಯನ್ನೂ ಬರೆದಿತ್ತು.

ಪಟ್ಟಿ ಬರೆದವರು ಕೆಳಮನೆಯ ನೊಮುರಾ ಸಾನ್, ನಮ್ಮ ರೀತಿಯಲ್ಲಿ ನೊಮುರಾ ಅವರು, ಎಪ್ಪತ್ತೇಳು ವರ್ಷದ ನಿವೃತ್ತ ಗಣಿತದ ಮೇಷ್ಟ್ರು. ಸ್ಮಿತಾ ಎಷ್ಟು ಬೇಡವೆಂದರೂ ಕೇಳದೆ ಚಕ್ಕುಲಿ ಕರಿದು ಅವರ ಮನೆಗೆ ಒಯ್ದೆ. ಸುಮಿಮಾಸೆನ್, ಎಂದರೆ ಕ್ಷಮಿಸಿ, ಎಂದು ಬಗ್ಗಿದೆ. ಅವರೂ ಬಗ್ಗಿದರು. ಇನ್ನು ಎಂಟು ಗಂಟೆಯ ಮೇಲೆ ಒಗ್ಗರಣೆ ಹಾಕುತ್ತೇನೆಂದು ಸ್ಮಿತಾಳ ಬಾಯಲ್ಲಿ ಹೇಳಿಸಿದೆ. ಅವರ ಕಿವಿ ಕೆಂಪಾಯಿತು. ಚೀಟಿ ತಮ್ಮದೆಂದು ಹೇಗೆ ತಿಳಿಯಿತೆಂದು ಕೇಳಿದರು. ನನ್ನ ಕೆಲಸವೇನಾಗಿತ್ತೆಂದು ಸ್ಮಿತಾ ಹೇಳಿದಾಗ ಚಕ್ಕುಲಿಯ ಡಬ್ಬಿ ಹಿಡಿದುಕೊಂಡೇ ನನ್ನನ್ನು ಬಹಳ ಹೊತ್ತು ನೋಡಿದರು. ನನ್ನ ಹೆಸರು ಜಯಲಕ್ಷ್ಮಿ. ಅದು ಅವರ ನಾಲಿಗೆಯಲ್ಲಿ ಜಯಾರಕುಶುಮಿ ಆಗಿ ಅಲ್ಲೇ ಸಿಕ್ಕಿಕೊಂಡಿತು. ಕೊನೆಗೆ ಜಯಾ ಸಾನ್ ಎಂದು ಇಬ್ಬರೂ ಒಪ್ಪಿಕೊಂಡೆವು.

ವಾಕೋ, ಕೆಳಮನೆ: ತುಕ್ಕಿಗೆ ಕೈ ಹಾಕಿದ್ದು

ಅಕ್ಟೋಬರಿನಲ್ಲಿ ನೊಮುರಾ ಸಾನ್ ನಮ್ಮಿಬ್ಬರನ್ನೂ ಚಹಾಕ್ಕೆ ಕರೆದರು. ನಾಲ್ಕು ತಿಂಗಳು ಯೋಚಿಸಿ ಕರೆದಿದ್ದರೆಂದು ಆಮೇಲೆ ತಿಳಿಯಿತು. ಕಿಟಕಿಯ ಬಳಿ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಒಂದು ಕತ್ತಿ ಇಟ್ಟಿದ್ದರು. ಮನೆತನದ ಕತ್ತಿ. ಇನ್ನೂರು ಮುನ್ನೂರು ವರ್ಷಕ್ಕಿಂತ ಹಳೆಯದು.

ಕತ್ತಿ ಎಂದರೆ ಹೊಳೆಯುವ ಭಾಗ ತೋರಿಸುತ್ತಾರೆಂದು ನಾನು ಕಾದಿದ್ದೆ. ಅವರು ಹಿಡಿಯಲ್ಲಿದ್ದ ಬಿದಿರಿನ ಗೂಟ ತಟ್ಟಿ ತೆಗೆದರು, ಹಿಡಿಯನ್ನೇ ಕಳಚಿದರು. ಒಳಗಿದ್ದ ಕಪ್ಪು ಬಾಲ ಹೊರಬಂತು. ನಮ್ಮ ಮನೆಯ ಮಚ್ಚಿನ ಹಿಡಿ ಸಡಿಲಾದಾಗ ನಾನೂ ಅದರ ಬಾಲ ಕಂಡಿದ್ದೇನೆ, ಕಲ್ಲಿನಲ್ಲಿ ಕುಟ್ಟಿ ಮತ್ತೆ ಒಳಗೆ ಸೇರಿಸಿದ್ದೇನೆ. ಅದನ್ನು ನೋಡಲೆಂದು ಯಾರೂ ಬಂದಿರಲಿಲ್ಲ. ಇಲ್ಲಿ ಅದಕ್ಕೆ ನಾಕಾಗೋ ಎಂದು ಹೆಸರಿದೆ. ಬಲ್ಲವರು ಮೊದಲು ನೋಡುವುದೇ ಅದನ್ನಂತೆ. ಕಮ್ಮಾರ ತನ್ನ ಹೆಸರು ಕೆತ್ತುವುದು ಅಲ್ಲೇ.

ಅವರು ಚಹಾ ತರಲು ಒಳಗೆ ಹೋದರು. ಆ ಬಾಲ ಪಾಪ, ಅಷ್ಟು ತುಕ್ಕು ಹಿಡಿದಿತ್ತು. ದೀಪಾವಳಿ ಹತ್ತಿರವಿತ್ತು ಬೇರೆ, ನಮ್ಮಲ್ಲಿ ಹುಣಸೆಹಣ್ಣು ಹಚ್ಚಿ ಕಂಚು ಹಿತ್ತಾಳೆ ತಿಕ್ಕುವ ಕಾಲ. ನನ್ನ ಕೈ ತಾನಾಗಿ ಕರ್ಚೀಫಿಗೆ ಹೋಯಿತು. ಒಂದು ಮೂಲೆಯನ್ನು ಎರಡೇ ಎರಡು ಸಲ ಒರೆಸಿದೆ.

"ಅಮ್ಮ, ಏನ್ ಮಾಡ್ತಿದ್ದೀಯ?" ಎಂದಳು ಸ್ಮಿತಾ. ಅವಳು ಹಾಗೆ ಪಿಸುಗುಟ್ಟಿದರೆ ವಿಷಯ ಗಂಭೀರ.

ನೊಮುರಾ ಸಾನ್ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನ್ನ ಬಿಳಿ ಕರ್ಚೀಫಿನ ತುದಿ ಕಂದಾಗಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಟ್ರೇ ಇಟ್ಟು, ಕತ್ತಿಯ ಮುಂದೆ ಮಂಡಿಯೂರಿ, ನಾನು ಒರೆಸಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ, ಹೆಚ್ಚೇನೂ ಹೋಗಿಲ್ಲ ಎಂದರು. ಆಮೇಲೆ ಒಂದನೇ ಕ್ಲಾಸಿನ ಮಗುವಿಗೆ ಹೇಳುವಂತೆ ಹೇಳಿದರು. ಮೇಲಿನ ಅಲಗನ್ನು ಎಷ್ಟು ಸಲ ಬೇಕಾದರೂ ಉಜ್ಜಿ ಹೊಳಪು ಕೊಡಬಹುದು. ಬಾಲವನ್ನು ಮಾತ್ರ ಎಂದಿಗೂ ಮುಟ್ಟಬಾರದು. ಅಲ್ಲಿನ ತುಕ್ಕಿನ ಬಣ್ಣ ನೋಡಿಯೇ ಕತ್ತಿಯ ವಯಸ್ಸು ಹೇಳುವುದು. ನಾನು ಒರೆಸಿದ್ದು ಕತ್ತಿಯ ಜನನ ಪ್ರಮಾಣಪತ್ರವನ್ನು.

ಆಗ ನನಗಾದ ನಾಚಿಕೆಯನ್ನು ಬರೆಯಲಾರೆ. ದಾಖಲೆಯನ್ನು ಬರಿಗೈಯಲ್ಲಿ ಮುಟ್ಟಿದ ಎಷ್ಟೋ ಪೊಲೀಸರನ್ನು ನಾನು ಗದರಿಸಿದ್ದೆ.

ಅವರು ವಿಷಯಕ್ಕೆ ಬಂದರು. ಬಾಲದ ಮೇಲಿದ್ದ ಸಹಿ ಬಿಜೆನ್ ಸೀಮೆಯ ಬಹು ಹೆಸರಾಂತ ಕಮ್ಮಾರನದು. ಅವನ ಹೆಸರು ಬರೆಯಬೇಡಿ ಎಂದು ನೊಮುರಾ ಸಾನ್ ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ಅವರ ತಂದೆ ಸಾಯುವವರೆಗೂ ಆ ಹೆಸರನ್ನು ಹೆಮ್ಮೆಯಿಂದ ಹೇಳುತ್ತಿದ್ದರಂತೆ. ಹಿಂದಿನ ವರ್ಷ ನೊಮುರಾ ಸಾನ್ ಅದನ್ನು ಕತ್ತಿ ಪರೀಕ್ಷಿಸಿ ಪತ್ರ ಕೊಡುವ ಪರಿಣತರ ಮುಂದಿಟ್ಟಾಗ ಅವರು ಸಹಿ ಸುಳ್ಳು ಎಂದು ಮರಳಿಸಿದರು. ಕ್ಯೋಟೋದಲ್ಲಿ ಕತ್ತಿಗೆ ಹೊಳಪು ಕೊಡುವ ಕಸುಬುದಾರರೊಬ್ಬರು ದಾರಿ ತೋರಿಸಿದ್ದರು: ಕತ್ತಿ ನಿಜಕ್ಕೂ ಹಳೆಯದು, ಒಳ್ಳೆಯದು, ಸುಳ್ಳು ಸಹಿಯನ್ನು ಅರದಿಂದ ಉಜ್ಜಿ ಅಳಿಸಿ, ಸಹಿಯಿಲ್ಲದ ಕತ್ತಿಯೆಂದು ಮತ್ತೆ ಕೊಡಿ, ಮಾನ್ಯತೆ ಸಿಗಬಹುದು. ಈಗ ನೊಮುರಾ ಸಾನ್‌ಗೆ ಬೇಕಿದ್ದದ್ದು ಇನ್ನೊಂದು ಕಣ್ಣು. ಪರಿಣತರು ತಪ್ಪಿರಲಿ ಎಂದು ಅವರು ಬಯಸುತ್ತಿದ್ದರೆನ್ನುವುದು ಅವರ ಮುಖದಲ್ಲೇ ಬರೆದಿತ್ತು.

ಎರಡು ವಾರ, ದಿನಾ ಮಧ್ಯಾಹ್ನ, ಕೆಳಮನೆಯೇ ನನ್ನ ಪ್ರಯೋಗಾಲಯವಾಯಿತು. ಕತ್ತಿಯ ಮೇಲೆ ಬಾಯಿ ತೆರೆದು ಮಾತಾಡಬಾರದು, ಉಗುಳಿನ ಹನಿ ಬಿದ್ದರೆ ಕಲೆಯಾಗುತ್ತದೆ. ಹಿಂದೆಲ್ಲ ಕತ್ತಿ ನೋಡುವಾಗ ಬಾಯಲ್ಲಿ ಕಾಗದ ಕಚ್ಚಿಕೊಳ್ಳುತ್ತಿದ್ದರಂತೆ. ನಮಗೆ ಮಾಸ್ಕ್ ಇತ್ತು. ಕೊರೋನಾದಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದು ಜಪಾನಿನ ಕತ್ತಿಗಳಿಗೆ. ನನ್ನ ಕನ್ನಡಕ ಮಾತ್ರ ಮಂಜಾಗಿ, ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

ಬಾಲಗಳಿಗೂ ಮುಖಚರ್ಯೆ ಇರುತ್ತದೆಂದು ಆಗ ಕಲಿತೆ. ಕೆಲವು ಕಮ್ಮಾರರು ತುದಿಯನ್ನು ಚೆಸ್ಟ್‌ನಟ್ ಕಾಯಿಯ ಬುಡದಂತೆ ದುಂಡಗೆ ಮುಗಿಸುತ್ತಾರೆ, ಕೆಲವರು ಚೂಪಾಗಿ. ಒಂದು ಕಾಲದ ಬಾಲಗಳು ಕಿಮೋನೋದ ತೋಳಿನಂತೆ ಬಾಗಿರುತ್ತವೆ, ಒಂದು ಪಂಥದವು ಮೀನಿನ ಹೊಟ್ಟೆಯಂತೆ ಉಬ್ಬಿರುತ್ತವೆ. ಅರ ಎಳೆದ ಗೆರೆಗಳೂ ಒಬ್ಬೊಬ್ಬರದು ಒಂದೊಂದು ಓರೆ. ನೊಮುರಾ ಸಾನ್ ತಂದ ಪುಸ್ತಕಗಳಲ್ಲಿನ ಬಾಲದ ಪಡಿಯಚ್ಚುಗಳ ಪ್ರಕಾರ ನಮ್ಮ ಹೆಸರಾಂತ ಕಮ್ಮಾರ ಯಾವಾಗಲೂ ದುಂಡು ತುದಿಯವನು. ನೊಮುರಾ ಸಾನ್ ಅವರ ಕತ್ತಿಯ ಬಾಲ ಚಾಕುವಿನಲ್ಲಿ ಕೊಯ್ದ ಮೈಸೂರುಪಾಕಿನಂತೆ ನೇರವಾಗಿ ತುಂಡಾಗಿತ್ತು. ಗೂಟ ಹಾಕುವ ತೂತುಗಳೂ ಎರಡಿದ್ದವು. ಯಾವುದೋ ಕಾಲದಲ್ಲಿ ಉದ್ದದ ಕತ್ತಿಯನ್ನು ಬಾಲದ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿದ್ದರು ಎಂದರ್ಥ. ಹಾಗಿದ್ದರೆ ಮೊದಲಿನ ಸಹಿ ತುಂಡಿನ ಜೊತೆ ಹೋಗಿರಬೇಕು, ಇಲ್ಲವೇ ತುದಿಗೆ ಅರ್ಧ ಉಳಿದಿರಬೇಕು. ಇಲ್ಲಿ ಸಹಿ ಹೊಸ ಬಾಲದ ನಟ್ಟನಡುವೆ ಆರಾಮಾಗಿ ಕೂತಿತ್ತು. ಅಜ್ಜ ಸತ್ತ ಮೇಲೆ ಮಾರಾಟವಾದ ಛಾಪಾ ಕಾಗದದಲ್ಲಿ ಅಜ್ಜನ ವಿಲ್ಲು ಇದ್ದ ಹಾಗೆ.

ಇಷ್ಟನ್ನು ಪರಿಣತರೂ ಕಂಡಿರಬೇಕು. ನನಗೆ ಕಾಡಿದ್ದು ಇನ್ನೊಂದು. ಸಹಿಯಲ್ಲಿ ಚೌಕದೊಳಗೆ ಕೂತ ಒಂದು ಅಕ್ಷರವಿತ್ತು, ಸೀಮೆ ಎಂಬ ಅರ್ಥದ್ದು. ಅದರ ಅಡ್ಡಗೆರೆಗಳನ್ನು ಎಡದಿಂದ ಬಲಕ್ಕೆ ಎಳೆಯುತ್ತಾರೆ, ಎಲ್ಲ ಜಪಾನಿಯರೂ. ಉಳಿ ಹೊಕ್ಕ ಕಡೆ ಗೆರೆ ಅಗಲ, ಹೊರಬಂದ ಕಡೆ ಸಪೂರ. ಈ ಸಹಿಯಲ್ಲಿ ಎರಡು ಅಡ್ಡಗೆರೆಗಳು ಬಲದಿಂದ ಎಡಕ್ಕೆ ಹೋಗಿದ್ದವು. ಕೈ ನಡುಗಿರಲಿಲ್ಲ, ಹಿಂಜರಿದಿರಲಿಲ್ಲ. ಪಳಗಿದ ಕೈ. ಆದರೆ ತಿರುಗುಮುರುಗಾಗಿ ಪಳಗಿದ ಕೈ. ಅಂಥದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಕೊನೆಗೆ ಹೇಳಲೇಬೇಕಾಯಿತು. ಕೋರ್ಟಿನಲ್ಲಿ ಹೇಳುವುದು ಸುಲಭ, ಎದುರಿಗೆ ಚಹಾ ಹಿಡಿದು ಕೂತವರು ಯಾರೂ ಇರುವುದಿಲ್ಲ. ಸಹಿ ಆ ಕಮ್ಮಾರನದಲ್ಲ ಎಂದೆ. ಸ್ಮಿತಾ ಅನುವಾದಿಸುವ ಮೊದಲೇ ಅವರಿಗೆ ತಿಳಿದಿತ್ತು. ತಂದೆಗೆ ಯಾರೋ ಮೋಸ ಮಾಡಿದ್ದಾರೆ, ಆ ಮೋಸದ ಹೆಸರನ್ನು ಮನೆಯಲ್ಲಿ ಇಟ್ಟುಕೊಳ್ಳಲಾರೆ, ಅಳಿಸಿಬಿಡುತ್ತೇನೆ ಎಂದರು. ಒಂದೇ ತೊಡಕು: ಕ್ಯೋಟೋದಲ್ಲಿರುವ ಅಕ್ಕ ಫೋನಿನಲ್ಲಿ, ನಾನು ಹೇಳುವವರೆಗೆ ಮುಟ್ಟಬೇಡ ಎಂದಿದ್ದಳು. ಕಾರಣ ಕೇಳಿದರೆ ಫೋನ್ ಇಟ್ಟಿದ್ದಳು. ಅಕ್ಕನಿಗೆ ತಿಳಿಹೇಳಲು ನೀವು ಜೊತೆಗೆ ಬರಬೇಕು ಎಂದು ನೊಮುರಾ ಸಾನ್ ನೆಲಕ್ಕೆ ಹಣೆ ತಾಗುವಷ್ಟು ಬಗ್ಗಿದರು. ಸ್ಮಿತಾ ಎರಡು ದಿನ ರಜೆ ಹಾಕಿದಳು.

ಬುಲೆಟ್ ರೈಲು: ಕತ್ತಿಯೊಡನೆ ಪ್ರಯಾಣ

ನವೆಂಬರಿನ ಒಂದು ಬೆಳಿಗ್ಗೆ ಮೂವರೂ ಹೊರಟೆವು, ಕತ್ತಿಯೂ ಸೇರಿದರೆ ನಾಲ್ವರು. ಮೂರಡಿ ಆಯುಧವನ್ನು ರೈಲಿನಲ್ಲಿ ಒಯ್ಯುವುದೆಂದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ನಮ್ಮ ಮೆಟ್ರೋದಲ್ಲಿ ನನ್ನ ಚೀಲದ ಹಣ್ಣು ಕೊಯ್ಯುವ ಚಾಕುವನ್ನೇ ತೆಗೆಸಿದ್ದರು. ನೊಮುರಾ ಸಾನ್ ಕತ್ತಿಯ ನೋಂದಣಿ ಕಾರ್ಡು ತೋರಿಸಿ, ಇದು ಜೊತೆಗಿದ್ದು, ಕತ್ತಿ ಕಟ್ಟಿಟ್ಟಿದ್ದರೆ ಸಾಕು ಎಂದರು. ಆದರೂ ಟಿಕೆಟ್ ನೋಡುವ ಹುಡುಗಿ ಬಂದು ಬಗ್ಗಿದಾಗ ನಾನು ಅಪರಾಧಿಯಂತೆ ಎದ್ದು ನಿಂತೆ. ಅವಳು ಗಾಬರಿಯಾಗಿ ಇನ್ನೂ ಕೆಳಗೆ ಬಗ್ಗಿದಳು. ನಾನೂ ಬಗ್ಗಿದೆ. ಈ ಸ್ಪರ್ಧೆಯಲ್ಲಿ ನನ್ನ ಸೊಂಟ ಸೋತಿತು.

ಬೋಗಿಯಲ್ಲಿ ಆರೇಳು ಜನ, ಮಾತಿಲ್ಲ. ಊಟದ ಡಬ್ಬಿ ತೆರೆದವರು ಒಂದು ತುತ್ತಿಗೆ ಮಾಸ್ಕ್ ಇಳಿಸಿ, ಅಗಿಯುವಾಗ ಏರಿಸುತ್ತಿದ್ದರು. ನಾನು ಚಿತ್ರಾನ್ನ ತಂದಿದ್ದೆ. ಡಬ್ಬಿಯ ಮುಚ್ಚಳ ತೆಗೆದ ತಕ್ಷಣ ಇಡೀ ಬೋಗಿಗೆ ಸುದ್ದಿ ಮುಟ್ಟಿತು. ನೊಮುರಾ ಸಾನ್ ಕಿಟಕಿಯ ಕಡೆ ತಿರುಗಿಕೊಂಡು ಚಮಚದಲ್ಲಿ ಅರ್ಧ ಡಬ್ಬಿ ಖಾಲಿ ಮಾಡಿದರು.

ಕ್ಯೋಟೋ: ಮುದ್ರೆಯ ಅಂಗಡಿ

ಅಕ್ಕ ಫುಮಿ ಸಾನ್‌ಗೆ ಎಂಬತ್ತನಾಲ್ಕು. ಹಳೆಯ ಓಣಿಯೊಂದರಲ್ಲಿ ಮನೆ, ಮುಂದೆ ಅಂಗಡಿ. ಹೊರಗೆ ಪ್ರವಾಸಿಗರಿಲ್ಲದ ಬೀದಿ, ಕೆಂಪು ಮೇಪಲ್ ಎಲೆಗಳನ್ನು ಗುಡಿಸಿ ಗುಡ್ಡೆ ಮಾಡಿದ್ದರು. ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ಕೈಗೆ ಸ್ಯಾನಿಟೈಸರ್ ಹಾಕಿದ ಮೇಲೆಯೇ ಆಕೆ ನಮಸ್ಕರಿಸಿದ್ದು. ನೊಮುರಾ ಸಾನ್ ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡ ಮಾತುಗಳನ್ನು ಆಡತೊಡಗಿದರು. ನನ್ನನ್ನು ಭಾರತದ ಸರ್ಕಾರಿ ತಜ್ಞೆ ಎಂದು ಪರಿಚಯಿಸಿದರು. ನಾನು ಒಂದಿಂಚು ಎತ್ತರವಾದೆ.

ಅಷ್ಟರಲ್ಲಿ ನನ್ನ ಕಣ್ಣು ಅಂಗಡಿಯ ಮೇಜಿನ ಮೇಲೆ ಬಿತ್ತು. ಸಣ್ಣ ಸಣ್ಣ ಉಳಿಗಳು, ಬೆರಳು ಗಾತ್ರದ ಮರದ ಕಡ್ಡಿಗಳು. ಜಪಾನಿನಲ್ಲಿ ಸಹಿಯ ಬದಲು ಹೆಸರಿನ ಮುದ್ರೆ ಒತ್ತುತ್ತಾರೆ, ಅದನ್ನು ಹಾಂಕೋ ಎನ್ನುತ್ತಾರೆ. ಇದು ಹಾಂಕೋ ಕೆತ್ತುವವರ ಅಂಗಡಿ. ಅಜ್ಜನಿಂದ ಬಂದ ಕಸುಬು. ತಮ್ಮ ಗಣಿತಕ್ಕೆ ಹೋದ, ಅಕ್ಕ ಉಳಿಸಿಕೊಂಡಳು. ಫುಮಿ ಸಾನ್ ಅರ್ಧ ಕೆತ್ತಿದ ಒಂದು ಮುದ್ರೆ ಅಲ್ಲೇ ಇತ್ತು. ಮುದ್ರೆಯಲ್ಲಿ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ಕೆತ್ತಬೇಕು, ಒತ್ತಿದಾಗ ನೇರವಾಗುತ್ತದೆ. ಅಡ್ಡಗೆರೆಗಳೆಲ್ಲ ಬಲದಿಂದ ಎಡಕ್ಕೆ.

ಜೀವನವಿಡೀ ಕನ್ನಡಿ ಅಕ್ಷರ ಕೆತ್ತಿದ ಕೈ, ಒಮ್ಮೆ ನೇರ ಅಕ್ಷರ ಕೆತ್ತಲು ಕೂತರೆ, ಎರಡು ಗೆರೆಗಳಲ್ಲಿ ಹಳೆಯ ರೂಢಿಗೆ ಜಾರುತ್ತದೆ.

ಗೋಡೆಯ ಮೇಲೆ ಅಜ್ಜ ಕೆತ್ತಿದ ಹಳೆಯ ನಾಮಫಲಕವಿತ್ತು. ಕುರ್ಚಿ ಎಳೆದುಕೊಂಡು ಹತ್ತಿದೆ. ಅರವತ್ತೆರಡರ ಹೆಂಗಸು ಸೀರೆಯುಟ್ಟು ಕುರ್ಚಿ ಹತ್ತಿದ್ದು ಕಂಡು ಸ್ಮಿತಾ ಓಡಿಬಂದು ನನ್ನ ಸೊಂಟ ಹಿಡಿದಳು. ಫಲಕದಲ್ಲೂ ಅದೇ ಚೌಕದ ಅಕ್ಷರ. ಅದೇ ಎರಡು ಗೆರೆಗಳು. ಅದೇ ತಪ್ಪು ದಿಕ್ಕು.

ಕೆಳಗಿಳಿದೆ. ಮೋಸ ಮಾಡಿದವರು ಹೊರಗಿನವರಲ್ಲ, ನಿಮ್ಮಜ್ಜ ಎಂದು ಆ ಮನುಷ್ಯನಿಗೆ ಹೇಗೆ ಹೇಳುವುದು? ಕೋರ್ಟಾಗಿದ್ದರೆ ಹೇಳಿ ಬಸ್ಸು ಹಿಡಿಯುತ್ತಿದ್ದೆ. ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿಟ್ಟೆ. ಆದರೆ ಫುಮಿ ಸಾನ್ ನನ್ನನ್ನೇ ನೋಡುತ್ತಿದ್ದರು. ಫಲಕವನ್ನು, ನನ್ನನ್ನು, ಮತ್ತೆ ಫಲಕವನ್ನು ನೋಡಿ, ತಮ್ಮನ ಭಾಷಣವನ್ನು ಕೈಯೆತ್ತಿ ನಿಲ್ಲಿಸಿದರು.

"ಈಕೆಗೆ ಗೊತ್ತಾಗಿದೆ," ಎಂದರು. "ಕೂತ್ಕೋ. ನಾನೇ ಹೇಳ್ತೀನಿ."

ಯುದ್ಧ ಮುಗಿದಾಗ ಆಕೆಗೆ ಒಂಬತ್ತು, ತಮ್ಮನಿಗೆ ಎರಡು. ಗೆದ್ದ ಸೈನ್ಯ ಎಲ್ಲ ಮನೆಗಳ ಕತ್ತಿಗಳನ್ನೂ ಒಪ್ಪಿಸಲು ಹೇಳಿತು. ಓಣಿಯ ಜನ ಒಬ್ಬೊಬ್ಬರಾಗಿ ಪೊಲೀಸ್ ಠಾಣೆಗೆ ಒಯ್ದು ಕೊಟ್ಟರು. ಅಲ್ಲಿ ಅವನ್ನು ಸೌದೆಯಂತೆ ಪೇರಿಸಿದ್ದನ್ನು ಫುಮಿ ಸಾನ್ ಕಣ್ಣಾರೆ ಕಂಡಿದ್ದರು. ಕಲೆಯ ದೃಷ್ಟಿಯಿಂದ ಬೆಲೆಯುಳ್ಳವನ್ನು ಮಾತ್ರ ಇಟ್ಟುಕೊಳ್ಳಲು ಬಿಡುತ್ತಾರೆಂದು ಸುದ್ದಿ ಬಂತು. ನೊಮುರಾ ಮನೆಯ ಕತ್ತಿಗೆ ಸಹಿಯೇ ಇರಲಿಲ್ಲ. ಹೆಸರಿಲ್ಲದ್ದನ್ನು ಯಾರು ಉಳಿಸುತ್ತಾರೆಂದು ಅಜ್ಜನಿಗೆ ಭಯ. ಒಂದು ಮಧ್ಯಾಹ್ನ ಹಿತ್ತಲಲ್ಲಿ ಚಾಪೆ ಹಾಕಿ, ತನಗೆ ಗೊತ್ತಿದ್ದ ಅತಿ ದೊಡ್ಡ ಹೆಸರನ್ನು ಕೆತ್ತಿದರು. ಹೊಸ ಗೆರೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಅವು ಕಪ್ಪಾಗಲೆಂದು ಬಾಲವನ್ನು ಅಜ್ಜಿಯ ಮೂಲಂಗಿ ಉಪ್ಪಿನಕಾಯಿಯ ಪೀಪಾಯಿಯಲ್ಲಿ ಹೂತಿಟ್ಟರು.

"ಆ ಚಳಿಗಾಲ ಪೂರ್ತಿ ಉಪ್ಪಿನಕಾಯಿಗೆ ಕಬ್ಬಿಣದ ರುಚಿ," ಎಂದರು ಫುಮಿ ಸಾನ್. "ಅಜ್ಜಿ ಅಜ್ಜನ ಜೊತೆ ವಸಂತದವರೆಗೂ ಮಾತಾಡಲಿಲ್ಲ."

ಕತ್ತಿ ಉಳಿಯಿತು. ಊರಿಂದ ದೂರವಿದ್ದ, ಹಿಡಿ ಕಳಚಿ ಹಿಂದೆಂದೂ ನೋಡಿರದ ಮಗನಿಗೆ, ಅಂದರೆ ಇವರ ತಂದೆಗೆ, ಅಜ್ಜ ನಿಜ ಹೇಳಲೇ ಇಲ್ಲ. ಯಾರಿಗೂ ಹೇಳಬೇಡವೆಂದು ಮೊಮ್ಮಗಳಿಂದ ಮಾತು ಪಡೆದಿದ್ದರು. ಎಪ್ಪತ್ತೈದು ವರ್ಷ ಆಕೆ ಆ ಮಾತು ಕಾಪಾಡಿದ್ದರು.

ನೊಮುರಾ ಸಾನ್ ಕತ್ತಿ ಬಿಚ್ಚಿದರು. ಕಪ್ಪು ಬಾಲವನ್ನು ತೊಡೆಯ ಮೇಲಿಟ್ಟುಕೊಂಡರು. ಮಾಸ್ಕ್ ಮೇಲಿನ ಕಣ್ಣುಗಳಲ್ಲಿ ನೀರು ತುಂಬಿದ್ದು ಕಂಡಿತು. ಅಕ್ಕ ಮೆಲ್ಲಗೆ ಕತ್ತಿಯನ್ನು ಸರಿಸಿ ದೂರವಿಟ್ಟರು. ಕಣ್ಣೀರು ಬಿದ್ದರೂ ತುಕ್ಕು ಹಿಡಿಯುತ್ತದೆ ಎಂದರು. ಆಗ ನೊಮುರಾ ಸಾನ್ ನಕ್ಕರು. ನಗುತ್ತಲೇ ನನ್ನ ಕಡೆ ತಿರುಗಿ, ಜಯಾ ಸಾನ್, ಈಗ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು.

"ಆ ಕಮ್ಮಾರನ ಸಹಿ ಅಂತ ಕೇಳಿದ್ರೆ ಸುಳ್ಳು," ಎಂದೆ. "ನಿಮ್ಮಜ್ಜನ ಕೈ ಅಂತ ಕೇಳಿದ್ರೆ, ನೂರಕ್ಕೆ ನೂರು ಅಸಲಿ."



ಕ್ಯೋಟೋ, ಮರುದಿನ

ಹೊಳಪು ಕೊಡುವವರ ಅಂಗಡಿಗೆ ಹೋಗಿ, ಸಹಿ ಅಳಿಸುವುದು ಬೇಡವೆಂದು ನೊಮುರಾ ಸಾನ್ ಹೇಳಿದರು. ಹಾಗಾದರೆ ಈ ಕತ್ತಿಗೆ ಎಂದೂ ಮಾನ್ಯತೆ ಸಿಗುವುದಿಲ್ಲವೆಂದು ಆ ಕಸುಬುದಾರರು ಎಚ್ಚರಿಸಿದರು. ಗೊತ್ತು ಎಂದರು ಇವರು. ಕಥೆ ಕೇಳಿದ ಮೇಲೆ ಅವರು ಬಾಲವನ್ನು ಕೈಗೆತ್ತಿಕೊಂಡು, ಗೆರೆಗಳೊಳಗಿನ ತುಕ್ಕು ಮಾತ್ರ ಬೇರೆ ಜಾತಿಯದೆಂದು ತಮಗೆ ಮೊದಲೇ ಅನಿಸಿತ್ತು ಎಂದರು. ಮೂಲಂಗಿಯೋ ಬದನೆಕಾಯಿಯೋ ಎಂದು ಕೇಳಿ, ಉತ್ತರವನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಮನೆಗೆ ಮರಳಿದಾಗ ಫುಮಿ ಸಾನ್ ಒಂದು ಕೇಳಿಕೆ ಇಟ್ಟರು. ಪರಿಣತರ ಪತ್ರ ಸಿಗದಿದ್ದರೆ ಬೇಡ, ನಿಮ್ಮದೊಂದು ವರದಿ ಬರೆದುಕೊಡಿ, ಕತ್ತಿಯ ಪೆಟ್ಟಿಗೆಯಲ್ಲಿ ಇಡುತ್ತೇವೆ ಎಂದರು. ಕೈಯಿಂದ ಮಾಡಿದ ದಪ್ಪ ಕಾಗದ ಕೊಟ್ಟರು. ನಾನು ಕನ್ನಡದಲ್ಲೇ ಬರೆದೆ, ಕೋರ್ಟಿಗೆ ಬರೆಯುವ ಕ್ರಮದಲ್ಲಿ: ಬಾಲದ ಆಕಾರ, ತೂತುಗಳು, ತುದಿ, ಗೆರೆಗಳ ದಿಕ್ಕು, ನಾಮಫಲಕದೊಡನೆ ಹೋಲಿಕೆ, ಅಭಿಪ್ರಾಯ. ಕೆಳಗೆ ಸ್ಮಿತಾ ಜಪಾನಿಯಲ್ಲಿ ಬರೆದಳು. ನಾನು ಸಹಿ ಹಾಕಿದೆ. ನನ್ನ ಅತ್ಯಂತ ಸಂತೋಷದ ವರದಿ ಅದು, ಅದನ್ನು ಓದಬೇಕಾದ ನ್ಯಾಯಾಧೀಶರು ಯಾರೂ ಇರಲಿಲ್ಲ.

ಮರಳುವ ರೈಲು

ರೈಲಿನಲ್ಲಿ ನೊಮುರಾ ಸಾನ್ ನನ್ನ ಪೆನ್ನು ಕೇಳಿ ಪಡೆದರು. ಊಟದ ಡಬ್ಬಿಯ ಹೊದಿಕೆ ಕಾಗದದ ಹಿಂಬದಿಯಲ್ಲಿ ಏನೋ ಗೀಚುತ್ತಿದ್ದರು. ಗಣಿತವಿರಬೇಕೆಂದುಕೊಂಡೆ. ಯೋಕೊಹಾಮಾ ದಾಟುವಾಗ ಕಾಗದವನ್ನು ನನ್ನ ಮುಂದೆ ಸರಿಸಿದರು.

ಅದರ ಮೇಲೆ ನನ್ನ ಸಹಿಯಿತ್ತು. ದುಂಡಗಿನ ಕನ್ನಡದ ಜ, ಅದರ ಬಾಲದಿಂದ ಎಳೆದ ಯ, ಕೊನೆಗೆ ನಾನು ಅವಸರದಲ್ಲಿ ಎತ್ತಿಬಿಡುವ ಗೆರೆ, ಎಲ್ಲವೂ. ಅವರು ಅದನ್ನು ವರದಿಯ ಮೇಲೆ ಒಮ್ಮೆ ನೋಡಿದ್ದಷ್ಟೇ. ಕನ್ನಡಕ ಮೇಲೆತ್ತಿ, ಒತ್ತಡ ನೋಡಿದೆ, ವೇಗ ನೋಡಿದೆ, ಗೆರೆಯ ಕೊನೆ ನೋಡಿದೆ. ಮೂವತ್ತೊಂದು ವರ್ಷದ ಅನುಭವವನ್ನೆಲ್ಲ ಹಾಕಿ ನೋಡಿದೆ, ಒಂದು ತಪ್ಪೂ ಸಿಗಲಿಲ್ಲ. ಸ್ಮಿತಾ ಬಗ್ಗಿ ನೋಡಿ, "ಅಮ್ಮ, ಇದು ನೀನೇ ಹಾಕಿದ್ದಲ್ವಾ?" ಎಂದಳು.

ನೊಮುರಾ ಸಾನ್ ಕೈಕಟ್ಟಿ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಅವರ ಕಿವಿ ಮಾತ್ರ ಕೆಂಪಾಗಿತ್ತು.